ಫೇಸ್‌ಲಿಫ್ಟ್: ಎಳೆತದ ಭಾರ ಹೊರುವ ಪದರ ಯಾವುದು?

ನಮ್ಮ ವೈನಿಗೆ ಅರವತ್ತು ದಾಟಿದೆ. ಕೆನ್ನೆ ಇಳಿದು ದವಡೆಯ ಅಂಚಿನಲ್ಲಿ ಜೋತಿದೆ, ಕತ್ತಿನ ಮುಂಭಾಗದಲ್ಲಿ ಎರಡು ಪಟ್ಟಿಗಳು ಎದ್ದು ಕಾಣುತ್ತವೆ. ಫೇಸ್‌ಲಿಫ್ಟ್ ಮಾಡಿಸಿಕೊಳ್ಳುತ್ತೇನೆ ಎಂದು ಅವರು ಹೇಳಿದಾಗ ರಾಯಚೂರಿನ ನಮ್ಮ ಮನೆಯಲ್ಲಿ ‘ಈ ವಯಸ್ಸಿನಲ್ಲಿ ಏಕೆ’ ಎಂದವರೇ ಹೆಚ್ಚು. ನಾನು ಹಾಗೆ ಅನ್ನಲಿಲ್ಲ. ಮುಖ ಅವರದು, ದುಡ್ಡೂ ಅವರದು. ಆದರೆ ಹೈದರಾಬಾದಿನ ಇಬ್ಬರು ಸರ್ಜನ್‌ಗಳು ಎರಡು ಬೇರೆ ಬೇರೆ ಹೆಸರು ಹೇಳಿ ಕಳುಹಿಸಿದರು. ನಿವೃತ್ತಿಯವರೆಗೂ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು ನಾನು, ಹಾಗಾಗಿ ಆ ಹೆಸರುಗಳನ್ನು ಬಿಡಿಸಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು.

ಮೊದಲಿನ ಕಾಲದ ಫೇಸ್‌ಲಿಫ್ಟ್‌ನಲ್ಲಿ ಕಿವಿಯ ಸುತ್ತ ಕೊಯ್ದು, ಚರ್ಮವನ್ನಷ್ಟೇ ಬಿಡಿಸಿ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುತ್ತಿದ್ದರು. ಕೌದಿಯ ಮೇಲಿನ ಬಟ್ಟೆಯನ್ನು ಮಾತ್ರ ಜಗ್ಗಿದರೆ ಒಳಗಿನ ಪದರಗಳು ಮುದುಡಿದಂತೆಯೇ ಉಳಿಯುವುದಿಲ್ಲವೇ? ಚರ್ಮ ಮತ್ತೆ ಸಡಿಲವಾಗುತ್ತದೆ. ಎಳೆತ ಜಾಸ್ತಿಯಾದರೆ ಗಾಯದ ಗೆರೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಕ್ಕೆ ಜಗ್ಗಿಕೊಳ್ಳುತ್ತದೆ. ಓಲೆ ಹಾಕುವ ಹೆಂಗಸರಿಗೆ ಅದು ಸಣ್ಣ ವಿಷಯವಲ್ಲ.

1976ರಲ್ಲಿ ಮಿಟ್ಸ್ ಮತ್ತು ಪೈರೋನಿ ಎಂಬ ಫ್ರೆಂಚ್ ವೈದ್ಯರು ಚರ್ಮದ ಕೊಬ್ಬಿನ ಕೆಳಗಿರುವ ಗಟ್ಟಿ ಪದರವೊಂದನ್ನು ವಿವರಿಸಿ ಅದಕ್ಕೆ ‘ಸ್ಮಾಸ್’ ಎಂದು ಹೆಸರಿಟ್ಟರು. ಕತ್ತಿನ ತೆಳು ಸ್ನಾಯುವಿನ ಜೊತೆ ಅದು ಒಂದಾಗಿ ಸಾಗುತ್ತದೆ. ಆಮೇಲಿನ ಬಹುತೇಕ ವಿಧಾನಗಳು ಎಳೆತದ ಭಾರವನ್ನು ಈ ಪದರಕ್ಕೆ ವಹಿಸುತ್ತವೆ, ಚರ್ಮವನ್ನು ಬಿಗಿಯಿಲ್ಲದೆ ಮೇಲೆ ಕೂರಿಸುತ್ತವೆ. ಕೆಲವರು ಸ್ಮಾಸನ್ನು ಮಡಚಿ ಹೊಲಿಯುತ್ತಾರೆ, ಕೆಲವರು ಅದರ ಒಂದು ಪಟ್ಟಿಯನ್ನು ಕತ್ತರಿಸಿ ತೆಗೆದು ಅಂಚುಗಳನ್ನು ಕೂಡಿಸುತ್ತಾರೆ. ಬೆಲ್ಜಿಯಂನಿಂದ ಬಂದ ‘ಮ್ಯಾಕ್ಸ್’ ವಿಧಾನದಲ್ಲಿ ಕೊಯ್ತ ಚಿಕ್ಕದು, ದಾರದ ಕುಣಿಕೆಗಳಿಂದ ಕೆನ್ನೆಯನ್ನು ನೇರ ಮೇಲಕ್ಕೆ ಎತ್ತುತ್ತಾರೆ. ಕತ್ತು ತುಂಬಾ ಸಡಿಲವಾಗಿದ್ದವರಿಗೆ ಅದು ಸಾಲದು. ಆದ್ದರಿಂದ ವೈನಿಗೆ ಅದು ಬೇಡ ಎಂದೆ.

ಇಬ್ಬರಲ್ಲಿ ಒಬ್ಬರು ಹೇಳಿದ್ದು ‘ಡೀಪ್ ಪ್ಲೇನ್’. 1990ರಲ್ಲಿ ಅಮೆರಿಕದ ಸ್ಯಾಮ್ ಹ್ಯಾಮ್ರಾ ಇದನ್ನು ಪ್ರಕಟಿಸಿದರು. ಸ್ಮಾಸ್‌ನ ಕೆಳಗೆ ಇಳಿದು, ಮುಖವನ್ನು ಮೂಳೆಗೆ ಕಟ್ಟಿಹಾಕಿರುವ ಬಿಗಿ ತಂತುಗಳನ್ನು ಬಿಡಿಸಿ, ಚರ್ಮ ಮತ್ತು ಸ್ಮಾಸ್ ಎರಡನ್ನೂ ಒಂದೇ ತುಂಡಾಗಿ ಸರಿಸುತ್ತಾರೆ. ಚರ್ಮ ಆ ಪದರದಿಂದ ಬೇರ್ಪಡದ ಕಾರಣ ಅದರ ರಕ್ತಸಂಚಾರ ಚೆನ್ನಾಗಿ ಉಳಿಯುತ್ತದೆ, ಕೆನ್ನೆಯ ನಡುಭಾಗವೂ ಏಳುತ್ತದೆ. ಆದರೆ ನಗುವುದಕ್ಕೆ, ಕಣ್ಣು ಮುಚ್ಚುವುದಕ್ಕೆ ಬೇಕಾದ ನರದ ಕವಲುಗಳು ಅಲ್ಲೇ ಕೆಳಗೆ ಹಾದುಹೋಗುತ್ತವೆ. ಆ ದಾರಿಯನ್ನು ಮತ್ತೆ ಮತ್ತೆ ನಡೆದ ಕೈಯೇ ಆಗಬೇಕು. ‘ನೀವೇ ಎಷ್ಟು ಜನಕ್ಕೆ ಮಾಡಿದ್ದೀರಿ, ವರ್ಷ ಕಳೆದ ಮೇಲಿನ ಫೋಟೋ ತೋರಿಸಿ’ ಎಂದು ಕೇಳಲು ವೈನಿ ನಾಚಿದರು. ನಾನೇ ಕೇಳಿದೆ.

ಎರಡು ಜೋಡಿ ಅವಳಿಗಳಿಗೆ ನಾಲ್ವರು ಸರ್ಜನ್‌ಗಳು ತಮ್ಮ ತಮ್ಮ ವಿಧಾನದಲ್ಲಿ ಫೇಸ್‌ಲಿಫ್ಟ್ ಮಾಡಿ, 10 ವರ್ಷಗಳವರೆಗೆ ಫೋಟೋ ತೆಗೆದಿಟ್ಟ ಹೋಲಿಕೆಯೊಂದು ಅಮೆರಿಕದಲ್ಲಿ ನಡೆದಿದೆ. ಹ್ಯಾಮ್ರಾ ಆ ನಾಲ್ವರಲ್ಲಿ ಒಬ್ಬರು. ವಿಧಾನದ ಹೆಸರೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬ ನನ್ನ ನಂಬಿಕೆಗೆ ಇಂಥ ಕೆಲಸಗಳೇ ಆಧಾರ.

ವೈನಿಯ ವಿಷಯದಲ್ಲಿ ನನಗೆ ನಿಜವಾಗಿ ಭಯವಿರುವುದು ಅವರ ಬಿಪಿಯ ಬಗ್ಗೆ. ಫೇಸ್‌ಲಿಫ್ಟ್‌ನ ನಂತರ ಹೆಚ್ಚಾಗಿ ಕಾಡುವ ತೊಂದರೆ ಚರ್ಮದಡಿ ರಕ್ತ ಕಟ್ಟುವುದು, ಅದೂ ಹೆಚ್ಚಿನ ಪಾಲು ಮೊದಲ 24 ಗಂಟೆಗಳಲ್ಲಿ. ರಕ್ತದೊತ್ತಡ ಏರಿದರೆ ಅಪಾಯವೂ ಏರುತ್ತದೆ. ‘ಸಂಜೆಗೇ ಮನೆಗೆ ಕಳುಹಿಸುತ್ತೇವೆ’ ಎಂದ ಕಡೆ ನಾನು ಒಪ್ಪಲಿಲ್ಲ.

ರಾಯಚೂರಿನ ಬಿಸಿಲು ಚರ್ಮದ ಮೇಲೆ ಬಿಟ್ಟ ಕಲೆ, ಸಣ್ಣ ಸುಕ್ಕುಗಳನ್ನು ಇವುಗಳಲ್ಲಿ ಯಾವುದೂ ಅಳಿಸುವುದಿಲ್ಲ ಎಂಬುದನ್ನೂ ವೈನಿಗೆ ಹೇಳಿದ್ದೇನೆ. ಬೇಸಿಗೆ ಕಳೆಯಲಿ, ಬಿಪಿ ಹತೋಟಿಗೆ ಬರಲಿ, ದೀಪಾವಳಿಯ ನಂತರ ದಿನ ಗೊತ್ತು ಮಾಡೋಣ ಎಂದಿದ್ದೇನೆ. ಅವರು ಒಪ್ಪಿದ್ದಾರೆ, ಮಾತ್ರೆ ತಪ್ಪಿಸುತ್ತಿಲ್ಲ. ಆಪರೇಷನ್ ಆದ ರಾತ್ರಿ ಅವರ ಪಕ್ಕದಲ್ಲಿ ಕೂರುವವಳು ನಾನೇ.