ಏರ್ ರೈಫಲ್‌ನ ಹೊಡೆತ ಸಪ್ಪೆಯಾದರೆ ಸ್ಪ್ರಿಂಗ್ ಬದಲಿಸಬೇಕಾ?

ಮನೆಯಲ್ಲೇ ಏರ್ ರೈಫಲ್ ರಿಪೇರಿ ಮಾಡಿಕೊಳ್ಳುತ್ತೇನೆ ಎಂದು ಗೊತ್ತಾದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮೊದಲಿನ ಜೋರಿಲ್ಲ, ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿಬಿಡಲಾ?"

ಬೇಡ. ಬಹಳ ಸಲ ಸ್ಪ್ರಿಂಗ್ ಚೆನ್ನಾಗಿಯೇ ಇರುತ್ತದೆ. ಗಾಳಿ ಎಲ್ಲೋ ಸೋರುತ್ತಿರುತ್ತದೆ.

ಪೆಲೆಟ್ಟನ್ನು, ಅಂದರೆ ಈ ರೈಫಲ್ಲಿನ ಪುಟ್ಟ ಗುಂಡನ್ನು, ತಳ್ಳುವುದು ಸ್ಪ್ರಿಂಗ್ ಅಲ್ಲ, ಗಾಳಿ. ಸ್ಪ್ರಿಂಗ್ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಒಂದು ಸಣ್ಣ ತೂತಿನಿಂದ ನುಗ್ಗಿ ಪೆಲೆಟ್ಟಿನ ಬೆನ್ನಿಗೆ ಬೀಳುತ್ತದೆ. ಪಿಸ್ಟನ್ನಿನ ತುದಿಯ ವಾಷರ್ ಸವೆದಿದ್ದರೆ ಗಾಳಿ ಹಿಂದಕ್ಕೆ ಜಾರುತ್ತದೆ, ಮುಂದೆ ಒತ್ತಡವೇ ಸಾಲುವುದಿಲ್ಲ. ಆಗ ಪಿಸ್ಟನ್ ಸಿಲಿಂಡರಿನ ತುದಿಗೆ ಹೋಗಿ ಗುದ್ದುತ್ತದೆ. ಅಂಥದ್ದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಗುದ್ದು ಜಾಸ್ತಿಯಾಗುತ್ತದೆ ಅಷ್ಟೇ. ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಒತ್ತಬೇಡಿ ಅನ್ನುವುದೂ ಇದಕ್ಕೇ.

ಹಾಗಾಗಿ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಬ್ಯಾರೆಲ್ ಮಡಚುವ ರೈಫಲ್ ಆದರೆ, ಪೆಲೆಟ್ ಹಾಕಿ ಮುಚ್ಚಿ, ಬ್ಯಾರೆಲ್ ಕೂಡುವ ಸಂದಿನ ಮೇಲೆ ತೆಳ್ಳನೆಯ ಟಿಶ್ಯೂ ಪೇಪರಿನ ಚೂರು ಇಡಿ. ಹಿಂದೆ ಗಟ್ಟಿ ತಡೆ ಇರುವ ಗುರಿಗೆ ಹೊಡೆಯಿರಿ. ಪೇಪರ್ ಹಾರಿದರೆ ಸೋರುತ್ತಿರುವುದು ಅಲ್ಲಿನ ಪುಟ್ಟ ವಾಷರ್. ಅದನ್ನು ಬದಲಿಸಲು ರೈಫಲ್ ಬಿಚ್ಚುವುದೇ ಬೇಕಿಲ್ಲ. ಪೇಪರ್ ಅಲುಗದಿದ್ದರೆ ಮಾತ್ರ ಪಿಸ್ಟನ್ ಕಡೆ ನೋಡಿ.

ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಕಾಕ್ ಮಾಡದೆ, ಅಂದರೆ ಹೊಡೆಯಲು ಪಿಸ್ಟನ್ನನ್ನು ಹಿಂದೆ ಎಳೆದು ಸಿಕ್ಕಿಸದೆ, ಇದ್ದರೂ ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಕೂತಿರುತ್ತದೆ, ಕೆಲವು ರೈಫಲ್‌ಗಳಲ್ಲಿ ಹಲವಾರು ಸೆಂಟಿಮೀಟರ್. ಹಿಂದಿನ ಪಿನ್ ತೆಗೆದ ತಕ್ಷಣ ಎದುರಿಗಿದ್ದವರ ಮುಖಕ್ಕೇ ಹಾರಬಹುದು. ಸ್ಪ್ರಿಂಗನ್ನು ಒತ್ತಿಹಿಡಿದು ಮೆಲ್ಲಗೆ ಸಡಿಲಿಸುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಬೇಡಿ, ಪೆಲೆಟ್ ಇಲ್ಲ, ಕಾಕ್ ಆಗಿಲ್ಲ ಎಂದು ಎರಡು ಸಲ ನೋಡಿಕೊಳ್ಳಿ.

ಹೊಸ ವಾಷರ್ ಹಾಕುವಾಗ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಪಿಸ್ಟನ್ ಸಿಲಿಂಡರಿನೊಳಗೆ ಸಲೀಸಾಗಿ ಹೋಯಿತು, ಖುಷಿಯಾಯಿತು. ಆಮೇಲೆ ನೋಡಿದರೆ ಕಾಕಿಂಗ್ ಸೀಳಿನ (ಕಾಕ್ ಮಾಡುವ ಸರಳು ಓಡಾಡಲು ಸಿಲಿಂಡರಿನಲ್ಲಿ ಕೊರೆದ ಉದ್ದನೆಯ ಸಂದು) ಅಂಚಿನಲ್ಲಿ ಕತ್ತರಿಸಿದ ಉಗುರಿನಂಥ ಒಂದು ಎಳೆ ಸುರುಳಿಯಾಗಿ ನೇತಾಡುತ್ತಿತ್ತು. ವಾಷರಿನದೇ ಚೂರು! ಆ ಸೀಳಿನ ಅಂಚು ಬ್ಲೇಡಿನಷ್ಟು ಚೂಪಾಗಿತ್ತು. ಈಗ ಮೊದಲು ನುಣುಪಾದ ಎಮರಿ ಪೇಪರಿನಿಂದ ಅಂಚು ಉಜ್ಜಿ, ಪುಡಿಯೆಲ್ಲ ಒರೆಸಿ, ವಾಷರ್ ಅಲ್ಲಿಗೆ ಬಂದಾಗ ಬೆರಳಲ್ಲಲ್ಲ, ಮೊಂಡಾದ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಒಳಗೆ ಒತ್ತಿ ದಾಟಿಸುತ್ತೇನೆ.

ಹೇಗೂ ಬಿಚ್ಚಿದ್ದೀರಿ ಅಲ್ವಾ, ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಕುಂಟುತ್ತಾ ಉರುಳಿದರೆ ಬಾಗಿದೆ, ಬದಲಿಸಿ, ಆದರೆ ಅದೇ ಅಳತೆಯದನ್ನು ಹಾಕಿ. ಕಾಕ್ ಮಾಡಿದಾಗ ಪಿಸ್ಟನ್ನನ್ನು ಹಿಡಿದಿಡುವ ಟ್ರಿಗರಿನ ಕೊಕ್ಕೆಗೆ ಮಾತ್ರ ಅರ ಮುಟ್ಟಿಸಲೇಬೇಡಿ. ಅದು ಸ್ವಲ್ಪ ಸವೆದರೂ ಕಾಕ್ ಮಾಡಿದ ರೈಫಲ್ ತಾನೇ ಹಾರಿಬಿಡಬಹುದು, ಪೆಲೆಟ್ ಹಾಕಲು ಬ್ಯಾರೆಲ್ ಮಡಚಿರುವಾಗ ಹಾಗಾದರೆ ಅದು ರಪ್ಪನೆ ಮುಚ್ಚಿ ಬೆರಳು ಹೋಗುತ್ತದೆ.

ಎಣ್ಣೆಯ ವಿಷಯ. ಚರ್ಮದ ವಾಷರ್ ಒಣಗಬಾರದು, ಅದಕ್ಕೆ ಆಗಾಗ ಒಂದೆರಡು ಹನಿ ಬೇಕು. ಸಿಂಥೆಟಿಕ್ ವಾಷರಿಗೆ ಸಾಮಾನ್ಯವಾಗಿ ಅಷ್ಟೂ ಬೇಕಿಲ್ಲ. ಪಿಸ್ಟನ್ನಿನ ಮುಂದೆ ಮೆಷಿನ್ ಎಣ್ಣೆ ಬಿದ್ದರೆ, ಒತ್ತಡಕ್ಕೆ ಗಾಳಿ ಕಾದು ಎಣ್ಣೆಗೆ ಬೆಂಕಿ ಹತ್ತುತ್ತದೆ, ಢಂ ಎಂಬ ಸದ್ದು, ಹೊಗೆ. ಅದನ್ನು ಪವರ್ ಎಂದುಕೊಳ್ಳುವವರಿದ್ದಾರೆ. ಹೊಸ ವಾಷರೂ ಸ್ಪ್ರಿಂಗೂ ಹಾಳಾಗುವುದು ಹಾಗೇ. ಉಜ್ಜಾಡುವ ಜಾಗಗಳಿಗೆ ಮಾಲಿಬ್ಡಿನಮ್ ಪೇಸ್ಟನ್ನು ಬೆರಳಲ್ಲಿ ತೆಳ್ಳಗೆ ಸವರಿದರೆ ಸಾಕು, ವಾಷರಿನ ಮುಂಭಾಗಕ್ಕೆ ಬೇಡ.

ಜೋಡಿಸಿದ ಮೇಲೆ ಮೊದಲ ಕೆಲವು ಹೊಡೆತಕ್ಕೆ ಸ್ವಲ್ಪ ಹೊಗೆ ಬಂದರೆ ಗಾಬರಿಯಾಗಬೇಡಿ, ಒಳಗೆ ಉಳಿದ ಜಿಡ್ಡು ಅದು. ಹೊಗೆ ನಿಂತ ಮೇಲೆ ಟಿಶ್ಯೂ ಪೇಪರನ್ನು ಇನ್ನೊಮ್ಮೆ ಇಟ್ಟು ನೋಡಿ.