ಟೆರೇಸ್ ಕೀ ಮತ್ತು 20 ಮೀಟರ್ ತಂತಿ

ಹ್ಯಾಮ್ ರೇಡಿಯೊ ಅಂದರೆ ಹವ್ಯಾಸಕ್ಕೆ ಸ್ವಂತ ಸೆಟ್ ಇಟ್ಟುಕೊಂಡು ದೂರದವರ ಜೊತೆ ಮಾತಾಡುವುದು. ಅದರ ಪರೀಕ್ಷೆ ಓದಿದರೆ ಪಾಸಾಗುತ್ತೆ. ಲೈಸೆನ್ಸೂ ಕಾದರೆ ಬರುತ್ತೆ. ಬೆಂಗಳೂರಿನಲ್ಲಿ ಸಿಗದೇ ಇರುವುದು ಅಪಾರ್ಟ್‌ಮೆಂಟಿನ ಟೆರೇಸ್ ಕೀ.

ಆಂಟೆನಾ ಅಂದರೆ ಸಾಕು, ನಮ್ಮ ಅಸೋಸಿಯೇಷನ್‌ನವರಿಗೆ ಭಯ. ಸಿಡಿಲು ಬಡಿಯುತ್ತೆ, ಟಿವಿ ಕೆಡುತ್ತೆ, ಮೊಬೈಲ್ ಟವರ್ ಥರ ರೇಡಿಯೇಷನ್ ಬರುತ್ತೆ. ಅರ್ಜಿ ಬರೆದು ಬರೆದು ಸಾಕಾಗಿ, "ಒಂದು ಭಾನುವಾರ ಬಂದು ನೋಡಿ ಸಾರ್, ಆಮೇಲೆ ಬೇಡ ಅನ್ನಿ" ಎಂದು ಸೆಕ್ರೆಟರಿಯವರನ್ನು ಕೇಳಿಕೊಂಡೆ. ಮಳೆಗಾಲಕ್ಕೆ ಮುಂಚೆ ನಮ್ಮ ಹ್ಯಾಮ್ ಗೆಳೆಯರದ್ದು ಹೇಗೂ ಒಂದು ತಾಲೀಮು ಇರುತ್ತೆ. ಈ ಸಲ ಇಟ್ಟುಕೊಂಡಿದ್ದು ಹೀಗೆ: ಮಡಿಕೇರಿ ಕಡೆ ಗುಡ್ಡ ಕುಸಿದಿದೆ, ರಸ್ತೆ ಇಲ್ಲ, ಕರೆಂಟ್ ಇಲ್ಲ, ಮೊಬೈಲ್ ಇಲ್ಲ. 2018ರ ಆಗಸ್ಟ್ ನೆನಪಿರುವವರಿಗೆ ಇದು ಬರೀ ಕಲ್ಪನೆ ಅಲ್ಲ. ಅಲ್ಲೊಬ್ಬ ಗೆಳೆಯ ಕಾರಿನ ಬ್ಯಾಟರಿಗೆ ಸೆಟ್ ಜೋಡಿಸಿಕೊಂಡು ಕೂರಬೇಕು. ಬೆಂಗಳೂರಿನ ಕಡೆಯಿಂದ ನಮ್ಮ ಟೆರೇಸ್.

ಲಿಫ್ಟ್ ರೂಮಿಗೂ ನೀರಿನ ಟ್ಯಾಂಕಿಗೂ ನಡುವೆ ತಾಮ್ರದ ತಂತಿ ಕಟ್ಟಿದೆವು. ಆ ಕಡೆ 10 ಮೀಟರ್, ಈ ಕಡೆ 10 ಮೀಟರ್, ಮಧ್ಯದಿಂದ ಕೇಬಲ್. ನಾವು ಮಾತಾಡುವ 7 ಮೆಗಾಹರ್ಟ್ಸ್ ಬ್ಯಾಂಡಿಗೆ ಅಷ್ಟುದ್ದ ಬೇಕು. ಎತ್ತರದ ಕಂಬ ಬೇಕಿಲ್ಲ. ತಂತಿಯನ್ನು ತಗ್ಗಾಗಿ ಕಟ್ಟಿದರೆ ಸಿಗ್ನಲ್ ನೆಟ್ಟಗೆ ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ಅಯಾನುಗೋಳ ಅನ್ನುವ ಪದರಕ್ಕೆ ತಾಗಿ, ಸುತ್ತಲಿನ ಜಿಲ್ಲೆಗಳ ಮೇಲೆ ವಾಪಸ್ ಬೀಳುತ್ತೆ. ನಡುವೆ ಎಷ್ಟು ಬೆಟ್ಟ ಇದ್ದರೂ ಪರವಾಗಿಲ್ಲ. ಮಡಿಕೇರಿಯಂಥ ಊರಿಗೆ ಇದೇ ಸರಿ.

ಸೆಕ್ರೆಟರಿ ಸಾರ್ ಬಂದರು. ಹಿಂದೆ ನಾಲ್ಕಾರು ಜನ, ಮಕ್ಕಳು.

"ಇಷ್ಟೇನಾ? ಬಟ್ಟೆ ಒಣಗಿಸೋ ತಂತಿ ಇದ್ದ ಹಾಗಿದೆ!"

ಸೆಟ್ ಆನ್ ಮಾಡಿದರೆ ಬರೀ ಗಲಾಟೆ. ಲಿಫ್ಟ್ ಹತ್ತಿ ಇಳಿದಾಗಲೆಲ್ಲ ಗೊರ್ರ್ ಎನ್ನುತ್ತಿತ್ತು. ಎಲ್‌ಇಡಿ ಬಲ್ಬು, ಚಾರ್ಜರು ಎಲ್ಲವೂ ಈ ಬ್ಯಾಂಡಿನಲ್ಲಿ ಕಿರುಚುತ್ತವೆ. ಗೆಳೆಯನ ದನಿ ಅದರೊಳಗೆ ಮುಳುಗಿ ಏಳುತ್ತಿತ್ತು. ಸೆಕ್ರೆಟರಿಯವರ ಮುಖದಲ್ಲಿ 'ನಾನು ಹೇಳ್ಲಿಲ್ವಾ' ಅನ್ನುವ ನಗು.

ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಮೇಲಿದ್ದ ನಮ್ಮ ಸೆಟ್ ನಡೆಯುತ್ತಲೇ ಇತ್ತು, ಗಲಾಟೆ ಮಾತ್ರ ನಿಂತುಹೋಯಿತು. ಮಡಿಕೇರಿಯ ಗೆಳೆಯನ ಹಿಂದೆ ಕೋಳಿ ಕೂಗಿದ್ದೂ ಕೇಳಿಸಿತು! ಊರಿಗೆಲ್ಲ ಕರೆಂಟ್ ಹೋದಾಗ ರೇಡಿಯೊ ಜಾಸ್ತಿ ಚೆನ್ನಾಗಿ ಕೇಳುತ್ತೆ ಎಂದು ನಾನು ಅರ್ಜಿಯಲ್ಲಿ ಬರೆದಿದ್ದೆ. ಯಾರೂ ಓದಿರಲಿಲ್ಲ ಅಂತ ಕಾಣುತ್ತೆ. ಜನರೇಟರ್ ಶುರುವಾಗಿ ಲಿಫ್ಟ್ ಮತ್ತೆ ಓಡುವಷ್ಟರಲ್ಲಿ ಎಲ್ಲರೂ ಸೆಟ್‌ನ ಸುತ್ತ ಬಗ್ಗಿದ್ದರು.

ಆಮೇಲಿನದು ನೋಡುವವರಿಗೆ ಬೇಜಾರಿನ ಕೆಲಸ. ಸಂದೇಶ ಬರೆದುಕೊಳ್ಳುವುದು. ಆ ಕಡೆಯವನು ಮೊದಲು ಒಟ್ಟು ಎಷ್ಟು ಪದ ಎಂದು ಹೇಳುತ್ತಾನೆ, ಕೊನೆಗೆ ನಾವು ಎಣಿಸಿ ತಾಳೆ ನೋಡುತ್ತೇವೆ. ಇನ್ಸುಲಿನ್ 15 ಬಾಟಲಿ ಎಂದಾಗ 'ಫಿಫ್ಟೀನ್' ಅನ್ನುವಂತಿಲ್ಲ, ಗಲಾಟೆಯಲ್ಲಿ ಅದು ಫಿಫ್ಟಿ ಆಗಿಬಿಡುತ್ತೆ. 'ಒನ್, ಫೈವ್' ಎಂದೇ ಹೇಳಬೇಕು. ಊರಿನ ಹೆಸರನ್ನು 'ಎ'ಗೆ ಆಲ್ಫಾ, 'ಬಿ'ಗೆ ಬ್ರಾವೊ ಎಂದು ಒಂದೊಂದೇ ಅಕ್ಷರ ಬಿಡಿಸಬೇಕು. ತಾಲೀಮು ಬೇಕಾಗಿರುವುದು ಇದಕ್ಕೇ. ಹರಟೆ ಹೊಡೆಯಲು ಯಾವ ಹ್ಯಾಮ್‌ಗೂ ಹೇಳಿಕೊಡಬೇಕಿಲ್ಲ, ಬಾಯಿ ಮುಚ್ಚಿ ಬರೆದುಕೊಳ್ಳುವುದು ಮಾತ್ರ ಸುಮ್ನೆ ಬರುವುದಿಲ್ಲ.

ಮಕ್ಕಳು ಮೈಕ್ ಕೇಳಿದರು. ಲೈಸೆನ್ಸ್ ಇಲ್ಲದವರ ಕೈಗೆ ನಾವು ಕೊಡುವುದಿಲ್ಲ. ಹೆಡ್‌ಫೋನ್ ಕೊಟ್ಟೆವು.

"ಇದೆಲ್ಲ ನಿಜವಾಗ್ಲೂ ಯಾವಾಗಾದ್ರೂ ಉಪಯೋಗಕ್ಕೆ ಬಂದಿದ್ಯಾ?" ಸೆಕ್ರೆಟರಿ ಕೇಳಿದರು. ನ್ಯಾಯವಾದ ಪ್ರಶ್ನೆ. 2004ರ ಡಿಸೆಂಬರಿನಲ್ಲಿ ನಮ್ಮ ಹಾಗೆ ಹ್ಯಾಮ್ ಆಗಿರುವ ಭಾರತಿ ಪ್ರಸಾದ್ ಮತ್ತವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದು ಹವ್ಯಾಸಕ್ಕೆ, ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲಿಕ್ಕೆ. 26ರಂದು ಸುನಾಮಿ ಬಂತು. ದ್ವೀಪದಿಂದ ಹೊರಗೆ ಸುದ್ದಿ ಮುಟ್ಟಿಸಲು ಅವರ ಸೆಟ್ಟೇ ಆಸರೆಯಾಯಿತು. ಅವರ ಆಂಟೆನಾ ಆಗಲೇ ಕಟ್ಟಿ ತಯಾರಿತ್ತು ಸಾರ್, ಅಂದೆ. ನೀರು ಬಂದ ಮೇಲೆ ನಿಮ್ಮ ಹತ್ತಿರ ಟೆರೇಸ್ ಕೀ ಕೇಳೋಕೆ ಆಗುತ್ತಾ?

ಮುಂದಿನ ಮೀಟಿಂಗಿನಲ್ಲಿ ಒಪ್ಪಿಗೆ ಸಿಕ್ಕಿತು. ಷರತ್ತುಗಳೂ ಇದ್ದವು. ತಂತಿ ಟ್ಯಾಂಕಿಗಿಂತ ಮೇಲೆ ಹೋಗಬಾರದು, ಅರ್ತಿಂಗ್ ಖರ್ಚು ನನ್ನದು, ಗುಡುಗು ಶುರುವಾದರೆ ಕೇಬಲ್ ಕಳಚಿಡಬೇಕು. ಕೊನೆಯದು ನಾನು ಹೇಗೂ ಮಾಡುವುದೇ. ಟೆರೇಸ್ ಕೀ ಈಗಲೂ ವಾಚ್‌ಮನ್ ಹತ್ತಿರವೇ ಇದೆ, ಆದರೆ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಕೊಡುತ್ತಾನೆ.

ಮೂರನೇ ಮಹಡಿಯ ರಿಟೈರ್ಡ್ ಅಂಕಲ್ ಅವತ್ತು ಒಂದು ಮೂಲೆಯಲ್ಲಿ ನಿಂತು ನೋಡುತ್ತಿದ್ದರು. "ಈ ವಯಸ್ಸಿಗೆ ಟೆಲಿಗ್ರಾಂನವರ ಮೋರ್ಸ್ ಕೋಡ್, ಆ ಕಟ್ಟ-ಕಡ ಎಲ್ಲ ಕಲಿಯೋಕಾಗಲ್ಲಪ್ಪ" ಎಂದರು. ರೆಸ್ಟ್ರಿಕ್ಟೆಡ್ ದರ್ಜೆಯ ಲೈಸೆನ್ಸಿಗೆ ಮೋರ್ಸ್ ಬೇಕಿಲ್ಲ ಅಂಕಲ್, ಎಂದೆ. ಈಗ ಪರೀಕ್ಷೆಗೆ ಓದುತ್ತಿದ್ದಾರೆ, ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕರೆಂಟ್ ಲೆಕ್ಕದ ಓಮನ ನಿಯಮದ ಮೇಲೆ ಒಂದಲ್ಲ ಒಂದು ಪ್ರಶ್ನೆ ಇಟ್ಟುಕೊಂಡೇ ಬರುತ್ತಾರೆ.