ಇಬ್ಬರೇ ಬಂದ ಭಾನುವಾರ

ಆವತ್ತು ಸಂಜೆ ನಾಲ್ಕಕ್ಕೇ ಮಳೆ ಹಿಡಿಯಿತು. ಮೈಸೂರಿನ ನಮ್ಮ ಬೀದಿಯ ಗಣಪತಿ ಗುಡಿ ಜಗಲಿಯಲ್ಲಿ, ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರದ ಬಟ್ಟೆ ಹಾಸಿಕೊಂಡು ಒಬ್ಬನೇ ಕೂತಿದ್ದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟ ಕಟ್ಟಿದ ಊರಿದು. ಇಲ್ಲಿ ವಾರಕ್ಕೊಮ್ಮೆಯಾದರೂ ನಾಲ್ಕು ಜನ ಸೇರಿ ಆಡಬಾರದಾ ಅಂತ ಬಳಗ ಶುರುಮಾಡಿದ್ದೆ. ಮೊದಲ ವಾರ ಹದಿನೆಂಟು ಜನ ಬಂದಿದ್ದರು. ಆರನೇ ವಾರ ಐದು ಗಂಟೆಯಾದರೂ ಯಾರೂ ಇಲ್ಲ.

ಮಳೆಯೊಂದೇ ಕಾರಣ ಅಲ್ಲ. ಹಿಂದಿನ ವಾರ ಜಗಳವಾಗಿತ್ತು. ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಬಟ್ಟೆಯ ಒಳಸುತ್ತಿನ ಮನೆಗಳಿಗೆ ಹೋಗುವಂತಿಲ್ಲ ಅಂತ ಒಬ್ಬರು. ನಮ್ಮೂರಲ್ಲಿ ಹಾಗಿಲ್ಲ ಅಂತ ಇನ್ನೊಬ್ಬರು. ಇಬ್ಬರದೂ ಸರಿ. ಬಾಯಿಂದ ಬಾಯಿಗೆ ಬಂದ ಆಟ, ಊರಿಗೊಂದು ಥರ. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಬಟ್ಟೆ ಮಡಚುತ್ತಿದ್ದೆ. ಹಿಂದಿನ ಬೀದಿಯ ಅಜ್ಜಿ ಮೊಮ್ಮಗಳ ಕೈಹಿಡಿದು, ಕೊಡೆ ಮುಚ್ಚುತ್ತಾ ಮೆಟ್ಟಿಲು ಹತ್ತಿದರು.

"ಯಾಕಪ್ಪಾ, ಎತ್ತಿಡ್ತಿದ್ದೀಯ?"

"ಯಾರೂ ಬರಲಿಲ್ಲ ಅಜ್ಜಿ."

"ನಾವು ಬಂದಿಲ್ವಾ?"

ಕವಡೆ ಕೊಟ್ಟರೆ ಬೇಡ ಅಂದರು. ಸೆರಗಿನ ಗಂಟಿನಿಂದ ನಾಲ್ಕು ಹುಣಸೆ ಬೀಜ ತೆಗೆದರು. ಕಲ್ಲಿಗೆ ಉಜ್ಜಿ ಒಂದು ಮಗ್ಗಲು ಬೆಳ್ಳಗೆ ಮಾಡಿದ್ದವು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಎರಡಕ್ಕೂ ಮತ್ತೊಂದು ಸಲ ಹಾಕಬಹುದು. ಮೊದಲ ಆಟದಲ್ಲಿ ಬೆರಳಿಟ್ಟು ಮನೆ ಎಣಿಸುತ್ತಿದ್ದ ಹುಡುಗಿ ಮೂರನೇ ಆಟದ ಹೊತ್ತಿಗೆ ಕಣ್ಣಲ್ಲೇ ಎಣಿಸಿ ನನ್ನ ಕಾಯಿ ಹೊಡೆದಳು.

ಜಗಳದ ವಿಷಯ ಹೇಳಿದೆ. ಅಜ್ಜಿ ಬೀಜ ಉರುಳಿಸುತ್ತಲೇ ಅಂದರು, "ಯಾರ ಮನೇಲಿ ಆಡ್ತೀವೋ ಅವರ ಮನೆ ಕಟ್ಟಳೆ. ನಾವು ಹಂಗೇ ಆಡಿದ್ದು."

ಗುಡಿಯಲ್ಲಿ ಆಡಿದರೆ ಯಾರ ಮನೆ ಕಟ್ಟಳೆ? ಅದಕ್ಕೇ ವಾರಕ್ಕೊಂದು ಊರು ಅಂತ ಮಾಡಿದೆ. ಒಂದು ಭಾನುವಾರ ಮಂಡ್ಯದವರ ನಿಯಮ, ಮುಂದಿನದು ಹಾಸನದವರದು. ಕಂಬಕ್ಕೆ ಕಪ್ಪು ಹಲಗೆ ತೂಗುಹಾಕಿ ಆಟಕ್ಕೆ ಮುಂಚೆ ಬರೆಯುತ್ತೇವೆ. ಮುನಿಸಿಕೊಂಡಿದ್ದ ಇಬ್ಬರೂ ತಮ್ಮೂರ ಆಟ ಕಲಿಸಲು ವಾಪಸ್ ಬಂದರು. ಅದು ನನಗೆ ಎಷ್ಟು ಖುಷಿ ಕೊಟ್ಟಿತು ಅಂದರೆ, ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಈಗ ಒಂದೂವರೆ ವರ್ಷ. ಕೆಲವು ವಾರ ಇಪ್ಪತ್ತು ಜನ, ಕೆಲವು ವಾರ ಐದೇ ಜನ. ಎಷ್ಟೇ ಜನ ಬರಲಿ, ನಾಲ್ಕಕ್ಕೆ ಬಟ್ಟೆ ಹಾಸುತ್ತೇನೆ. ಮುಂದಿನ ವಾರ ಪುತ್ತೂರಿನವರೊಬ್ಬರು ಚೆನ್ನೆಮಣೆ ತರುತ್ತಾರಂತೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಅದನ್ನೇ ನಮ್ಮ ಮನೆಯಲ್ಲಿ ಅಳಗುಳಿಮಣೆ ಅಂತಿದ್ದೆವು, ಐದೈದು ಹಾಕುತ್ತಿದ್ದೆವು. ಕಪ್ಪು ಹಲಗೆ ಒರೆಸಿ ಇಟ್ಟಿದ್ದೇನೆ.